ಅಟ್ಟಿಸಿಕೊಂಡು ಓಡುವ ಕಾರ್ಟೂನುಗಳು: ನಿಮಗೆ ಮೊದಲು ನೆನಪಾಗುವ ಕ್ಷಣ ಯಾವುದು?

ಮೊದಲ ಬೆಂಚು:

ಎಲ್ಲರಿಗೂ ನಮಸ್ಕಾರ. ಟಾಮ್ ಅಂಡ್ ಜೆರ್ರಿ, ರೋಡ್ ರನ್ನರ್, ಸಿಲ್ವೆಸ್ಟರ್ ಮತ್ತು ಟ್ವೀಟಿ ನೋಡಿಕೊಂಡೇ ಬೆಳೆದವರು ಇಲ್ಲಿ ತುಂಬಾ ಜನ ಇದ್ದೀರಿ ಅಂತ ಗೊತ್ತು. ಬಹಳ ದಿನದಿಂದ ಒಂದು ವಿಷಯ ತಲೆಯಲ್ಲಿದೆ. ನಿಮ್ಮ ಮುಂದೆ ಇಡುತ್ತೇನೆ.

ನನ್ನ ಅಣ್ಣನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವನು. ಚಿಕ್ಕವರಿದ್ದಾಗ ಟಿವಿ ಮುಂದೆ ಕೂತರೆ ನಾನೇ ಅವನ ಕಿವಿ. ಯಾರು ಏನು ಹೇಳಿದರು, ಯಾಕೆ ಸಿಟ್ಟು ಮಾಡಿಕೊಂಡರು, ಯಾಕೆ ಅತ್ತರು, ಎಲ್ಲವನ್ನೂ ಕೈಸನ್ನೆಯಲ್ಲಿ ಹೇಳಬೇಕಿತ್ತು. ನಾನು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ದೃಶ್ಯ ಬಂದಿರುತ್ತಿತ್ತು. ಅವನು ನಗುವ ಹೊತ್ತಿಗೆ ಮನೆಯವರ ನಗು ಮುಗಿದಿರುತ್ತಿತ್ತು.

ಈ ಕಾರ್ಟೂನುಗಳು ಬಂದಾಗ ಮಾತ್ರ ನನ್ನ ಕೈಗೆ ಕೆಲಸವಿರಲಿಲ್ಲ. ಅಷ್ಟೇ ಅಲ್ಲ, ಅಣ್ಣ ನನಗಿಂತ ಮುಂಚೆ ನಗುತ್ತಿದ್ದ. ರೋಡ್ ರನ್ನರ್ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವ ತೋಳದಂಥ ಕಯೋಟಿ ಬಂಡೆಯ ಅಂಚು ದಾಟಿ ಗಾಳಿಯಲ್ಲೇ ಓಡುತ್ತಿರುತ್ತದೆ ಅಲ್ವಾ? ಓಡುತ್ತ ಓಡುತ್ತ ಏನೋ ಅನುಮಾನ ಬಂದು ನಿಲ್ಲುತ್ತದೆ. ಕಾಲಿನಿಂದ ನೆಲ ತಡಕುತ್ತದೆ. ನೆಲ ಇಲ್ಲ. ಆಗ ತಿರುಗಿ ನಮ್ಮನ್ನು ನೋಡುತ್ತದೆ. ಕಿವಿ ಎರಡೂ ಜೋತು ಬೀಳುತ್ತವೆ. ಅಣ್ಣ ನಗುತ್ತಿದ್ದದ್ದು ಅಲ್ಲಿ. ನಾನು ನಗುತ್ತಿದ್ದದ್ದು ಅದು ಬಿದ್ದು, ಸೀಟಿಯಂಥ ಸದ್ದು ಸಣ್ಣದಾಗುತ್ತ ಹೋಗಿ, ಕೆಳಗೆ ದೂಳು ಎದ್ದ ಮೇಲೆ.

ಹೋದ ವಾರ ಅವನನ್ನು ಕೇಳಿಯೇಬಿಟ್ಟೆ, ನೀನು ಯಾಕೆ ಯಾವಾಗಲೂ ಮುಂಚೆ ನಗುತ್ತಿದ್ದೆ ಅಂತ. ಅವನ ಕೈ ಹೇಳಿದ್ದು ಇಷ್ಟು: "ಬಿದ್ದ ಮೇಲೆ ನಗುವುದಕ್ಕೆ ಏನಿದೆ? ತಾನು ಬೀಳುತ್ತೇನೆ ಅಂತ ಅದಕ್ಕೆ ಗೊತ್ತಾಗುತ್ತದಲ್ಲ, ಅದೇ ನಗು."

ಅಂದಿನಿಂದ ಇದೇ ಯೋಚನೆ. ಈ ಕಾರ್ಟೂನುಗಳಲ್ಲಿ ನಮ್ಮ ಮನಸ್ಸಿನಲ್ಲಿ ಉಳಿದದ್ದು ಓಟ ಅಲ್ಲ, ಓಟ ನಿಂತ ಆ ಕ್ಷಣ ಅಂತ ನನಗೆ ಅನಿಸುತ್ತಿದೆ. ನಿಮಗೆ ಮೊದಲು ನೆನಪಾಗುವುದು ಯಾವುದು?

ಬಣ್ಣದ ಡಬ್ಬಿ:

ಓದಿ ಮೈ ಜುಮ್ಮೆಂದಿತು. ನಿಮ್ಮ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಇದನ್ನು ನಾನು ಕೈಯಾರೆ ಕಲಿತಿದ್ದೇನೆ.

ಆರನೇ ಕ್ಲಾಸಿನಲ್ಲಿದ್ದಾಗ ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚಿತ್ರ ಬರೆದು, ಹೆಬ್ಬೆರಳಿನಿಂದ ಸರ್ರನೆ ಬಿಟ್ಟು ಓಡಿಸುವ ಹುಚ್ಚು ಹಿಡಿದಿತ್ತು. ಬೆಕ್ಕು ಓಡಿತು, ಇಲಿ ಓಡಿತು, ಅದೇನೋ ಸುಲಭವಾಗಿ ಬಂತು. ಆಮೇಲೆ ಬೆಕ್ಕನ್ನು ಮೇಜಿನ ಅಂಚಿನಲ್ಲಿ ನಿಲ್ಲಿಸಬೇಕಾಯಿತು. ನಿಂತ ಬೆಕ್ಕಿನ ಒಂದು ಚಿತ್ರ ಬರೆದು, ಮುಂದಿನ ಪುಟದಲ್ಲಿ ಬೀಳುವ ಬೆಕ್ಕು ಬರೆದೆ. ಬಿಟ್ಟು ನೋಡಿದರೆ ಬೆಕ್ಕು ನಿಲ್ಲಲೇ ಇಲ್ಲ! ಓಡಿದ್ದೇ ಬಿದ್ದುಹೋಯಿತು. ಎಷ್ಟು ಸಲ ನೋಡಿದರೂ ಅಷ್ಟೇ. ಕೊನೆಗೆ ಅರ್ಥವಾದದ್ದು: ಬೆಕ್ಕು ನಿಲ್ಲಬೇಕಾದರೆ ನಿಂತ ಬೆಕ್ಕನ್ನೇ ಹತ್ತು ಹನ್ನೆರಡು ಪುಟಗಳಲ್ಲಿ ಮತ್ತೆ ಮತ್ತೆ ಬರೆಯಬೇಕು. ಒಂದು ಗೆರೆಯೂ ಆಚೀಚೆ ಆಗಬಾರದು. ಓಡಿಸುವುದಕ್ಕಿಂತ ನಿಲ್ಲಿಸುವುದಕ್ಕೇ ನನ್ನ ಪೆನ್ಸಿಲ್ ಜಾಸ್ತಿ ಸವೆಯಿತು.

ಸಿನಿಮಾದಲ್ಲಿ ಅಷ್ಟು ಕಷ್ಟವಿಲ್ಲ, ಒಂದೇ ಹಾಳೆಯನ್ನು ಬೇಕಾದಷ್ಟು ಸಲ ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಎಷ್ಟು ಸಲ ಅನ್ನುವುದರಲ್ಲೇ ಎಲ್ಲ ಜಾಣತನ ಇರುವುದು. ಸೆಕೆಂಡಿಗೆ 24 ಚಿತ್ರ, ಅಂದರೆ 24 ಫ್ರೇಮು. ಕಯೋಟಿ ಪ್ರಪಾತದಲ್ಲಿ ಚುಕ್ಕಿಯಾಗಿ ಮಾಯವಾಗುವುದಕ್ಕೆ 18 ಫ್ರೇಮು, ಮಾಯವಾದ ಮೇಲೆ ನೆಲಕ್ಕೆ ಬಡಿಯುವವರೆಗೆ 14 ಫ್ರೇಮು ಬೇಕು ಅಂತ ರೋಡ್ ರನ್ನರ್ ನಿರ್ದೇಶಕ ಚಕ್ ಜೋನ್ಸ್ ಲೆಕ್ಕ ಹೇಳುತ್ತಿದ್ದರು. ಒಂದು ಫ್ರೇಮು ಜಾಸ್ತಿಯಾದರೂ ಕಡಿಮೆಯಾದರೂ ನಗು ಬರುವುದಿಲ್ಲವಂತೆ. ಒಂದು ಸೆಕೆಂಡಿನ ಇಪ್ಪತ್ತನಾಲ್ಕನೇ ಒಂದು ಭಾಗ, ಯೋಚಿಸಿ ನೋಡಿ!

ಸಂಜೆ ಐದು:

ನನಗೆ ರೋಡ್ ರನ್ನರ್‌ನ ಬೀಪ್ ಬೀಪ್ ಕೂಗು. ಬೇರೆ ಏನೂ ಇಲ್ಲ. ನಾವು ಮೂರು ಜನ ಅಕ್ಕತಂಗಿಯರು ಒಬ್ಬರ ಹಿಂದೆ ಒಬ್ಬರು ಮೆತ್ತಗೆ ಹೋಗಿ ಅದನ್ನೇ ಕೂಗಿ ಬೆಚ್ಚಿಬೀಳಿಸುತ್ತಿದ್ದೆವು.

ತಾಳಮೇಳ:

ಅಣ್ಣನ ಮಾತಿಗೆ ತಲೆಬಾಗುತ್ತೇನೆ. ಆದರೂ ಸದ್ದಿನ ಪರವಾಗಿ ಒಬ್ಬರಾದರೂ ಮಾತಾಡಬೇಕು, ನಾನು ಮಾತಾಡುತ್ತೇನೆ.

ಟಾಮ್ ಅಂಡ್ ಜೆರ್ರಿಯ ಹಳೆಯ ಒಂದು ಕಂತು ಹಾಕಿ, ಕಣ್ಣು ಮುಚ್ಚಿಕೊಂಡು ಕೇಳಿ. ಯಾರು ಯಾವ ಕಡೆ ಹೋಗುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಇಲಿ ತುದಿಗಾಲಲ್ಲಿ ಬಂದರೆ ಪಿಟೀಲಿನ ತಂತಿಯನ್ನು ಬೆರಳಲ್ಲಿ ಮೀಟುವ ಸದ್ದು. ಬೆಕ್ಕು ಮೆಟ್ಟಿಲು ಉರುಳಿದರೆ ಒಂದೊಂದು ಮೆಟ್ಟಿಲಿಗೂ ಒಂದೊಂದು ಸ್ವರ. ಹಾಗೆ ಹೆಜ್ಜೆ ಹೆಜ್ಜೆಗೂ ಸಂಗೀತ ಬರೆದವರು ಸ್ಕಾಟ್ ಬ್ರಾಡ್ಲಿ. 1944ರ ಒಂದು ಕಂತಿನಲ್ಲಿ ಇಲಿ ನಾಯಿಯ ತಲೆಯೊಂದನ್ನು ಹೊತ್ತುಕೊಂಡು ಓಡಾಡುವ ಜಾಗಕ್ಕೆ ಅವರು ಹನ್ನೆರಡು ಸ್ವರಗಳ ಹೊಸ ಪದ್ಧತಿಯಲ್ಲಿ ಸಂಗೀತ ಹಾಕಿದ್ದಾರೆ. ಆ ಕಾಲದಲ್ಲಿ ದೊಡ್ಡ ದೊಡ್ಡ ಸಂಗೀತಗಾರರೇ ತಲೆ ಕೆಡಿಸಿಕೊಂಡಿದ್ದ ಪದ್ಧತಿ ಅದು. ನಾವು ನೆಲದ ಮೇಲೆ ಬೋರಲು ಮಲಗಿ, ಕೆನ್ನೆಗೆ ಕೈ ಕೊಟ್ಟು ಅದನ್ನು ಕೇಳಿಸಿಕೊಂಡಿದ್ದೇವೆ.

ಇನ್ನು ಟಾಮ್‌ನ ಕಿರುಚಾಟ! ಬಾಲಕ್ಕೆ ಏನಾದರೂ ಆದಾಗ ಬರುತ್ತದಲ್ಲ, ಗಂಟಲು ಹರಿಯುವ ಹಾಗೆ. ಅದು ವಿಲಿಯಂ ಹನ್ನಾ ಅವರದೇ ದನಿ. ಜೋಸೆಫ್ ಬಾರ್ಬೆರಾ ಜೊತೆ ಸೇರಿ ಈ ಬೆಕ್ಕು ಇಲಿಯನ್ನು ಸೃಷ್ಟಿ ಮಾಡಿದವರೇ ಮೈಕ್ ಮುಂದೆ ನಿಂತು ಕಿರುಚಿದ್ದಾರೆ. ಪಕ್ಕದ ಕೋಣೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದರೂ ಆ ಕೂಗು ಕೇಳಿದ ಕೂಡಲೇ ನಾನು ಎದ್ದು ಓಡುತ್ತಿದ್ದೆ.

ಹಳೇ ರೀಲು:

ಸಂಜೆ ಐದು ಅವರೇ, ನಿಮ್ಮ ಬೀಪ್ ಬೀಪ್ ಹಿಂದೆ ಒಂದು ಚೆಂದದ ಕತೆ ಇದೆ. ಆ ಸದ್ದು ಮಾಡಿದವರು ಪಾಲ್ ಜೂಲಿಯನ್, ರೋಡ್ ರನ್ನರ್ ಮಾಡಿದ ಸ್ಟುಡಿಯೋದಲ್ಲೇ ಹಿನ್ನೆಲೆ ಚಿತ್ರ ಬರೆಯುತ್ತಿದ್ದ ಕಲಾವಿದರು. ಕೈ ತುಂಬ ಚಿತ್ರಗಳನ್ನು ಹೊತ್ತು ಮೊಗಸಾಲೆಯಲ್ಲಿ ಹೋಗುವಾಗ ಎದುರಿಗೆ ಯಾರಿದ್ದಾರೆ ಅಂತ ಕಾಣದೆ, ದಾರಿ ಬಿಡಿ ಅನ್ನುವುದಕ್ಕೆ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದರಂತೆ. ಅದನ್ನೇ ಹಕ್ಕಿಗೆ ಕೊಟ್ಟರು. ಕಿವಿಗೊಟ್ಟು ಕೇಳಿದರೆ ಅದು ಬೀಪ್ ಅನ್ನುವುದಕ್ಕಿಂತ ಮೀಪ್ ಅನ್ನುವ ಹಾಗೇ ಇದೆ.

ಸಂಜೆ ಐದು:

ಅಯ್ಯೋ ಎಷ್ಟು ಚೆನ್ನಾಗಿದೆ! ಇವತ್ತೇ ಅಕ್ಕನಿಗೆ ಫೋನ್ ಮಾಡಿ ಹೇಳುತ್ತೇನೆ.

ಹಳೇ ರೀಲು:

ಚರ್ಚೆ ಶುರು ಮಾಡಿದವರ ಮಾತಿಗೆ ಬರುತ್ತೇನೆ. ನಾನು ಈ ಹಳೆಯ ಕಂತುಗಳನ್ನು ವರ್ಷಗಳಿಂದ ಕೂಡಿಹಾಕಿಕೊಂಡು ನೋಡುತ್ತಿದ್ದೇನೆ. ನನ್ನ ಕ್ಷಣ ಯಾವುದು ಅಂದರೆ, ಗೋಡೆಯ ಮೇಲೆ ಬರೆದ ಸುಳ್ಳು ತೂತು.

1940ರಲ್ಲಿ ಬಂದ ಮೊಟ್ಟಮೊದಲ ಕಂತಿನಲ್ಲಿ ಟಾಮ್‌ಗೆ ಇನ್ನೂ ಟಾಮ್ ಅನ್ನುವ ಹೆಸರಿಲ್ಲ. ಅಲ್ಲಿ ಅವನು ಜಾಸ್ಪರ್. ಇಲಿಯನ್ನು ಹೆಸರು ಹಿಡಿದು ಯಾರೂ ಕರೆಯುವುದೇ ಇಲ್ಲ. ಜಾಸ್ಪರ್ ಬೆರಳನ್ನು ಶಾಯಿಗೆ ಅದ್ದಿ ಗೋಡೆಯ ಮೇಲೆ ಇಲಿ ಬಿಲ ಬರೆಯುತ್ತಾನೆ. ಪಾಪ ಇಲಿ ನಿಜವಾದ ಬಿಲ ಅಂದುಕೊಂಡು ನುಗ್ಗಿ ಗೋಡೆಗೆ ಢೀ ಹೊಡೆಯುತ್ತದೆ.

ಒಂಬತ್ತು ವರ್ಷ ಬಿಟ್ಟು, 1949ರಲ್ಲಿ, ಬೇರೆ ಸ್ಟುಡಿಯೋದಲ್ಲಿ ಚಕ್ ಜೋನ್ಸ್ ಮತ್ತು ಕತೆಗಾರ ಮೈಕಲ್ ಮಾಲ್ಟೀಸ್ ಸೇರಿ ರೋಡ್ ರನ್ನರ್‌ನ ಮೊದಲ ಕಂತು ಮಾಡಿದರು. ಅಲ್ಲೂ ಅದೇ ಉಪಾಯ. ಕಯೋಟಿ ಬಂಡೆಯ ಮೇಲೆ ಸುರಂಗದ ಚಿತ್ರ ಬರೆಯುತ್ತದೆ. ಆದರೆ ಈ ಸಲ ಹಕ್ಕಿ ಆ ಚಿತ್ರದೊಳಗೆ ಸಲೀಸಾಗಿ ಓಡಿಹೋಗುತ್ತದೆ! ಬರೆದವನೇ ನುಗ್ಗಿದರೆ ಮಾತ್ರ ಬಂಡೆ ಬಂಡೆಯೇ. ನನ್ನ ಮಟ್ಟಿಗೆ ಈ ಎರಡು ದೃಶ್ಯಗಳ ನಡುವೆ ಈ ಕಾರ್ಟೂನುಗಳು ದೊಡ್ಡವಾದವು. ಮೊದಲನೆಯದರಲ್ಲಿ ಬಲಶಾಲಿ ಪ್ರಾಣಿ ಚಿಕ್ಕ ಪ್ರಾಣಿಯನ್ನು ಗೋಳು ಹುಯ್ದುಕೊಳ್ಳುತ್ತದೆ, ನೋಡುವಾಗ ಸ್ವಲ್ಪ ಸಂಕಟವೇ ಆಗುತ್ತದೆ. ಎರಡನೆಯದರಲ್ಲಿ ಬಂಡೆ, ಬಣ್ಣ, ಗಾಳಿ, ಭೂಮಿಯ ಸೆಳೆತ ಎಲ್ಲ ಹಕ್ಕಿಯ ಕಡೆಗಿವೆ. ಕಯೋಟಿಯನ್ನು ಯಾರೂ ಹೊಡೆಯುವುದಿಲ್ಲ, ತನ್ನ ಹಟವೇ ಅದನ್ನು ಹೊಡೆಯುತ್ತದೆ. ಹಕ್ಕಿ ಬೀಪ್ ಅನ್ನುವುದು ಬಿಟ್ಟರೆ ಬೇರೆ ತಂಟೆ ಮಾಡಬಾರದು ಅಂತ ಜೋನ್ಸ್ ನಿಯಮವನ್ನೇ ಬರೆದಿದ್ದಾರೆ. ಕಯೋಟಿ ಬೇಕೆಂದರೆ ಯಾವಾಗ ಬೇಕಾದರೂ ಬಿಟ್ಟುಬಿಡಬಹುದು ಅನ್ನುವುದೂ ಆ ನಿಯಮಗಳಲ್ಲಿ ಒಂದು.

ಬಿಡುವುದಿಲ್ಲ ಅಲ್ವಾ, ಅದೇ ನೋಡಿ.

ಹಕ್ಕಿ ಹುಚ್ಚು:

ನಡುವೆ ಬಂದದ್ದಕ್ಕೆ ಕ್ಷಮಿಸಿ, ಹಕ್ಕಿ ವಿಷಯ ಬಂದರೆ ಸುಮ್ನೆ ಇರಲು ಆಗುವುದಿಲ್ಲ. ರೋಡ್ ರನ್ನರ್ ನಿಜವಾದ ಹಕ್ಕಿ. ಅಮೆರಿಕದ ನೈಋತ್ಯ ಭಾಗ ಮತ್ತು ಮೆಕ್ಸಿಕೋದ ಒಣ ನೆಲದಲ್ಲಿರುತ್ತದೆ, ಕೋಗಿಲೆಯ ಕುಟುಂಬಕ್ಕೆ ಸೇರಿದ್ದು. ಹಾರುವುದಕ್ಕಿಂತ ಓಡುವುದೇ ಜಾಸ್ತಿ. ಗಂಟೆಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ, ಹಾವನ್ನೂ ಹಿಡಿದು ತಿನ್ನುತ್ತದೆ. ಆದರೆ ನಿಜವಾದ ಕಯೋಟಿ ಗಂಟೆಗೆ 60 ಕಿಲೋಮೀಟರ್ ದಾಟಬಲ್ಲದು. ಅಂದರೆ ಕಯೋಟಿಗೆ ರಾಕೆಟ್ಟೂ ಬೇಡ, ಚಕ್ರದ ಬೂಟೂ ಬೇಡ, ಬರಿಗಾಲಲ್ಲಿ ಓಡಿದ್ದರೆ ಸಾಕಿತ್ತು. ಇದನ್ನು ಮೊದಲ ಸಲ ಓದಿದ ದಿನ ನನಗೆ ಕಯೋಟಿಯ ಮೇಲೆ ಎಲ್ಲಿಲ್ಲದ ಪ್ರೀತಿ ಬಂದುಬಿಟ್ಟಿತು.

ಇಬ್ಬರು ಮಕ್ಕಳ ಅಮ್ಮ:

ಎಲ್ಲರ ನೆನಪುಗಳನ್ನೂ ಖುಷಿಯಿಂದ ಓದಿದೆ. ನನ್ನ ಮನಸ್ಸಿನಲ್ಲಿರುವುದನ್ನೂ ಹೇಳಿಬಿಡುತ್ತೇನೆ. ಹೋದ ರಜೆಯಲ್ಲಿ ಮಕ್ಕಳಿಗೆ ಇವನ್ನು ಹಾಕಿ ತೋರಿಸಿದೆ. ಚಿಕ್ಕವನಿಗೆ ಐದು ವರ್ಷ. ಟಾಮ್‌ನ ತಲೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಬಿದ್ದಾಗ ಅವನು ನಗಲಿಲ್ಲ. "ಅಮ್ಮ, ಬೆಕ್ಕಿಗೆ ನೋವಾಯಿತಾ?" ಅಂದ. ನಾವು ಆ ವಯಸ್ಸಿನಲ್ಲಿ ಹಾಗೆ ಕೇಳಿದ್ದೆವಾ ಅಂತ ಯೋಚನೆಗೆ ಬಿದ್ದೆ. ಅಲ್ಲದೆ ಕೆಲವು ಕಂತುಗಳಲ್ಲಿ ಸಿಡಿಮದ್ದು ಸಿಡಿದು ಮುಖ ಕಪ್ಪಾದ ಕೂಡಲೇ ಕರಿಯರನ್ನು ಅಣಕಿಸುವ ಹಾಗೆ ಚಿತ್ರಿಸಿದ್ದಾರೆ. ಮನೆಕೆಲಸದ ಹೆಂಗಸನ್ನು ತೋರಿಸಿರುವ ರೀತಿಯೂ ಹಾಗೇ. ಚಿಕ್ಕಂದಿನಲ್ಲಿ ತಿಳಿಯಲಿಲ್ಲ. ಈಗ ತಿಳಿದ ಮೇಲೆ ನಗಲು ಆಗುವುದಿಲ್ಲ. ಅಂಥವನ್ನು ನಾನು ಮಕ್ಕಳಿಗೆ ತೋರಿಸುವುದಿಲ್ಲ.

ಹಳೇ ರೀಲು:

ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ ಮೇಡಂ. ಅವು ತಪ್ಪೇ. ಆ ಕಾಲ ಹಾಗಿತ್ತು ಅಂದುಬಿಟ್ಟರೆ ಸಾಲದು, ಆ ಕಾಲದಲ್ಲೂ ಅದು ನೋಯಿಸಿದೆ. ಇವು ಟಿವಿಗಾಗಿ ಮಾಡಿದವಲ್ಲ, ಚಿತ್ರಮಂದಿರದಲ್ಲಿ ದೊಡ್ಡವರೂ ಕೂತು ನೋಡಲಿ ಅಂತ ಮಾಡಿದ್ದು. ಹನ್ನಾ ಬಾರ್ಬೆರಾ ಜೋಡಿ 1940ರಿಂದ 1958ರವರೆಗೆ ಟಾಮ್ ಅಂಡ್ ಜೆರ್ರಿಯ 114 ಕಂತು ಮಾಡಿತು, ಏಳು ಆಸ್ಕರ್ ಬಂದವು. ಅಮೆರಿಕದ ಟಿವಿಗೆ ಬಂದದ್ದು 1965ರಲ್ಲಿ. ಆಗ ಎಷ್ಟೋ ದೃಶ್ಯ ಕತ್ತರಿಸಿದರು, ಕೆಲವು ದನಿ ಬದಲಿಸಿದರು. ನಾವು ನೋಡಿದ್ದು ಬಹುಶಃ ಹಾಗೆ ಕತ್ತರಿಸಿದವನ್ನೇ.

ಬಣ್ಣದ ಡಬ್ಬಿ:

ಮೇಡಂ, ನಿಮ್ಮ ಮಗನ ಪ್ರಶ್ನೆ ತುಂಬಾ ಒಳ್ಳೆಯದು. ನನಗೆ ಹೊಳೆದದ್ದು ಇಷ್ಟು. ಪೆಟ್ಟಿಗೆ ಬಿದ್ದ ಬೆಕ್ಕಿನ ಮುಖ ಇಸ್ತ್ರಿ ಪೆಟ್ಟಿಗೆಯ ಆಕಾರಕ್ಕೆ ಬಂದಿರುತ್ತದೆ, ಮುಂದಿನ ದೃಶ್ಯದಲ್ಲಿ ಮೊದಲಿನ ಹಾಗೇ ಇರುತ್ತದೆ. ಸರಿಹೋಗುವುದನ್ನು ತೋರಿಸದೆ ನೇರವಾಗಿ ಮುಂದಿನ ಓಟಕ್ಕೆ ಹೋಗಿಬಿಡುತ್ತಾರೆ. ನಿಮ್ಮ ಮಗ ಕೇಳುತ್ತಿರುವುದು ಆ ನಡುವಿನ, ಯಾರೂ ಬರೆಯದ ಚಿತ್ರವನ್ನು.

ಇಬ್ಬರು ಮಕ್ಕಳ ಅಮ್ಮ:

ಹೌದಲ್ವಾ. ಸ್ಪೈಕ್ ನಾಯಿ ತನ್ನ ಮರಿಯನ್ನು ಮುದ್ದು ಮಾಡುವ ಕಂತುಗಳನ್ನು ಮಾತ್ರ ಅವನು ಮತ್ತೆ ಮತ್ತೆ ಹಾಕಿಸಿಕೊಂಡ, ಅದನ್ನೂ ಹೇಳಬೇಕು.

ಎರಡನೇ ಪಾಳಿ:

ತೋಳ ಮತ್ತು ಕುರಿ ಕಾಯುವ ನಾಯಿಯ ಕಂತುಗಳು ಯಾರಿಗಾದರೂ ನೆನಪಿದೆಯಾ? ರಾಲ್ಫ್ ತೋಳ, ಸ್ಯಾಮ್ ನಾಯಿ. ಚಕ್ ಜೋನ್ಸ್ ಅವರದೇ, 1953ರಲ್ಲಿ ಶುರುವಾದದ್ದು. ತೋಳ ನೋಡಲು ಕಯೋಟಿಯ ಹಾಗೇ, ಮೂಗು ಮಾತ್ರ ಕೆಂಪು.

ಬೆಳಿಗ್ಗೆ ಇಬ್ಬರೂ ಬುತ್ತಿ ಹಿಡಿದುಕೊಂಡು ಬರುತ್ತಾರೆ. ನಮಸ್ಕಾರ ರಾಲ್ಫ್, ನಮಸ್ಕಾರ ಸ್ಯಾಮ್ ಅಂತ ಮಾತಾಡಿಸಿಕೊಳ್ಳುತ್ತಾರೆ. ಕಾರ್ಡು ಪಂಚ್ ಮಾಡುತ್ತಾರೆ. ಸೈರನ್ ಆದ ಮೇಲೆ ಒಬ್ಬ ಕುರಿ ಕದಿಯಬೇಕು, ಇನ್ನೊಬ್ಬ ಹಿಡಿದು ಬಡಿಯಬೇಕು. ಸಂಜೆ ಸ್ಯಾಮ್ ರಾಲ್ಫ್‌ನ ಕುತ್ತಿಗೆ ಹಿಡಿದು ಇನ್ನೇನು ಗುದ್ದಬೇಕು, ಅಷ್ಟರಲ್ಲಿ ಸೈರನ್. ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ. ಕುತ್ತಿಗೆ ಬಿಡುತ್ತಾನೆ. ಇಬ್ಬರೂ ಕಾರ್ಡು ಪಂಚ್ ಮಾಡಿ, ನಾಳೆ ಸಿಗೋಣ ಅಂತ ಮನೆಗೆ ಹೋಗುತ್ತಾರೆ.

ನಮ್ಮ ಅಪ್ಪ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಕಾರ್ಟೂನು ಅಂದರೆ ಮಕ್ಕಳಾಟ ಅಂತ ಆ ಕಡೆ ತಲೆ ಹಾಕುತ್ತಿರಲಿಲ್ಲ. ಒಂದು ದಿನ ಬೂಟಿನ ದಾರ ಬಿಚ್ಚುತ್ತ ಕೂತಿದ್ದವರು ಈ ಸೈರನ್ ದೃಶ್ಯ ನೋಡಿದರು. ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಹಾಗೇ ಕೂತು ಕೊನೆಯವರೆಗೂ ನೋಡಿದರು. ಆಮೇಲೆ ಅಮ್ಮನನ್ನು ಕರೆದು, "ಇದು ನೋಡು, ಇದು ಸರಿಯಾಗಿದೆ" ಅಂದರು. ಈಗ ನಾನೂ ಪಾಳಿ ಕೆಲಸಕ್ಕೇ ಹೋಗುತ್ತೇನೆ. ಕೆಲಸದಲ್ಲಿ ಎಷ್ಟೇ ಜಗಳ ಆಡಿದರೂ ಹೊರಡುವಾಗ ನಾಳೆ ಸಿಗೋಣ ಅನ್ನದೆ ಬರುವುದಿಲ್ಲ.

ಚರ್ಚೆ ಶುರು ಮಾಡಿದವರು ಕೇಳಿದ ನಿಂತ ಕ್ಷಣ ನನಗೆ ಇದೇ. ಎತ್ತಿ ನಿಂತ ಆ ಕೈ.

ತಾಳಮೇಳ:

ಎರಡನೇ ಪಾಳಿ ಅವರೇ, ನಿಮ್ಮ ಅಪ್ಪನ ಕೈಯಲ್ಲಿದ್ದ ಬೂಟು ಕಣ್ಣಿಗೆ ಕಟ್ಟಿತು.

ಪಂಜರದ ಹಕ್ಕಿ:

ಸಿಲ್ವೆಸ್ಟರ್ ಬೆಕ್ಕು ಮತ್ತು ಟ್ವೀಟಿ ಹಕ್ಕಿಯ ಬಗ್ಗೆ ಯಾರೂ ಬರೆದಿಲ್ಲ! ಇಬ್ಬರನ್ನೂ ಜೊತೆ ಮಾಡಿ ಫ್ರಿಜ್ ಫ್ರೀಲೆಂಗ್ ನಿರ್ದೇಶಿಸಿದ 1947ರ ಮೊದಲ ಕಂತಿಗೇ ಆಸ್ಕರ್ ಬಂದಿದೆ. ಎರಡಕ್ಕೂ ದನಿ ಒಬ್ಬರದೇ, ಮೆಲ್ ಬ್ಲಾಂಕ್. ಅಟ್ಟಿಸಿಕೊಂಡು ಬರುವವನೂ ಅವರೇ, ತಪ್ಪಿಸಿಕೊಳ್ಳುವವನೂ ಅವರೇ. ಅವರನ್ನು ಸಾಕಿದ ಅಜ್ಜಿ ಹೊರಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಸಿಲ್ವೆಸ್ಟರ್ ಮೆಲ್ಲಗೆ ಪಂಜರದ ಕಡೆ ತಿರುಗುತ್ತಾನಲ್ಲ, ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಆಗ.

ಸಂಜೆ ಐದು:

ಒಂದು ಪ್ರಶ್ನೆ. ಕಯೋಟಿ ಒಂದು ಸಲವಾದರೂ ಹಕ್ಕಿಯನ್ನು ಹಿಡಿದಿದೆಯಾ? ನಮ್ಮ ಮನೆಯಲ್ಲಿ ಇದರ ಬಗ್ಗೆ ದೊಡ್ಡ ವಾದ.

ಹಳೇ ರೀಲು:

ಹಿಡಿದಿದೆ! 1980ರಲ್ಲಿ ಟಿವಿಗೆ ಅಂತಲೇ ಜೋನ್ಸ್ ಮಾಡಿದ ಒಂದು ಕಂತಿನಲ್ಲಿ. ಇಬ್ಬರೂ ಕೊಳವೆಗಳೊಳಗೆ ಓಡುತ್ತಾರೆ. ಕೊಳವೆ ಕಿರಿದಾಗುತ್ತ ಹೋಗಿ ಇಬ್ಬರೂ ಪುಟ್ಟಪುಟ್ಟವಾಗಿ ಹೊರಗೆ ಬರುತ್ತಾರೆ. ವಾಪಸು ಓಡಿ ಬಂದಾಗ ಹಕ್ಕಿ ಮೊದಲಿನ ಗಾತ್ರಕ್ಕೆ ಬಂದಿರುತ್ತದೆ, ಕಯೋಟಿ ಮಾತ್ರ ಪುಟ್ಟದಾಗಿಯೇ ಉಳಿದಿರುತ್ತದೆ. ಗೊತ್ತಿಲ್ಲದೆ ಓಡಿ ಬಂದು ಹಕ್ಕಿಯ ಕಾಲನ್ನು ಅಪ್ಪಿ ಹಿಡಿಯುತ್ತದೆ, ಚಾಕು ಎತ್ತುತ್ತದೆ, ಆಮೇಲೆ ಕತ್ತೆತ್ತಿ ಮೇಲೆ ನೋಡುತ್ತದೆ. ಆ ಕಾಲು ಕಂಬದಷ್ಟು ದಪ್ಪ. ಆಗ ನಮ್ಮ ಕಡೆ ತಿರುಗಿ ಫಲಕ ಹಿಡಿಯುತ್ತದೆ: ಹಿಡಿ ಹಿಡಿ ಅನ್ನುತ್ತಿದ್ದಿರಲ್ಲ, ಈಗ ಏನು ಮಾಡಲಿ ಅನ್ನುವ ಅರ್ಥದಲ್ಲಿ.

ಸಂಜೆ ಐದು:

ಅಕ್ಕನೇ ಗೆದ್ದಳು ಹಾಗಾದರೆ.

ಮೊದಲ ಬೆಂಚು:

ಎಲ್ಲರ ಮಾತುಗಳನ್ನೂ ಅಣ್ಣನಿಗೆ ಓದಿಸಿದೆ. ನೋಟ್‌ಬುಕ್ಕಿನ ಬೆಕ್ಕು ಮತ್ತು ಸೈರನ್ನಿನ ಕೈ, ಇವೆರಡನ್ನೂ ಎರಡೆರಡು ಸಲ ಓದಿದ. ತಾಳಮೇಳ ಅವರು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಸದ್ದು ಅಷ್ಟು ಮುಖ್ಯ ಅನ್ನುವ ಒಂದು ಕಂತು ಹಾಕು ಅಂದ.

ಟಾಮ್ ಪಿಯಾನೋ ನುಡಿಸುವ ಕಂತು ಹಾಕಿದೆ. ಆಸ್ಕರ್ ಬಂದದ್ದು, ಸಂಗೀತಗಾರ ಲಿಸ್ಟ್ ಅವರ ಹಂಗೇರಿಯನ್ ರಾಪ್ಸೋಡಿ ನುಡಿಸುತ್ತಾನಲ್ಲ, ಅದು. ಮೊದಲ ಸಲ ಸದ್ದು ಪೂರ್ತಿ ನಿಲ್ಲಿಸಿ ನೋಡಿದೆವು, ಅಣ್ಣ ನೋಡುವ ಹಾಗೆ. ಇಷ್ಟು ವರ್ಷದಲ್ಲಿ ನಾನು ಹಾಗೆ ನೋಡಿಯೇ ಇರಲಿಲ್ಲ. ಟಾಮ್ ಕೋಟು ಹಾಕಿಕೊಂಡು ಬಂದು ಕೂತ. ಕಣ್ಣು ಅರೆ ಮುಚ್ಚಿ ನುಡಿಸತೊಡಗಿದ. ಪಿಯಾನೋ ಒಳಗೆ ಮಲಗಿದ್ದ ಜೆರ್ರಿಗೆ ನಿದ್ದೆ ಕೆಟ್ಟಿತು. ಆಮೇಲೆ ಜೆರ್ರಿ ಪಿಯಾನೋದ ಕೀಗಳನ್ನು ತೆಗೆದು ಆ ಜಾಗದಲ್ಲಿ ಇಲಿ ಬೋನು ಇಟ್ಟ. ಟಾಮ್‌ನ ಬೆರಳು ಅದರ ಆಚೆಗೆ ಬಿತ್ತು, ಈಚೆಗೆ ಬಿತ್ತು, ಮತ್ತೆ ಆಚೆಗೆ. ನನ್ನ ಉಸಿರು ನಿಂತಿತು. ಬೋನಿಗೆ ಬೆರಳು ಸಿಕ್ಕುವ ಮುಂಚೆಯೇ ನಾನು ನಕ್ಕೆ. ಪಕ್ಕಕ್ಕೆ ನೋಡಿದರೆ ಅಣ್ಣನೂ ನಗುತ್ತಿದ್ದ. ಒಟ್ಟಿಗೆ.

ಎರಡನೇ ಸಲ ಸದ್ದು ಹಾಕಿದೆ. ಅಣ್ಣ ಸ್ಪೀಕರನ್ನು ಮಡಿಲಲ್ಲಿ ಇಟ್ಟುಕೊಂಡು ಎರಡೂ ಅಂಗೈ ಅದರ ಮೇಲೆ ಒತ್ತಿದ. ಭಾರದ ಸ್ವರ ಬಂದಾಗಲೆಲ್ಲ ಅವನ ಹುಬ್ಬು ಏರುತ್ತಿತ್ತು. ಕೊನೆಯಲ್ಲಿ ಟಾಮ್ ಸುಸ್ತಾಗಿ ಪಿಯಾನೋ ಮೇಲೆ ಕುಸಿದ, ಬೆಳಕು ಜೆರ್ರಿಯ ಮೇಲೆ ಬಿತ್ತು, ಸಂಗೀತ ನಿಂತಿತು. ಅಣ್ಣ ಕೈ ತೆಗೆಯಲಿಲ್ಲ. ಇನ್ನೂ ಬರುತ್ತಿದೆ ಅಂದ. ಅದು ಜನರ ಚಪ್ಪಾಳೆ ಅಂದೆ.